ಹೆಬ್ಬೆಟ್ಟಿಗೂ ಮೊದಲು

ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಹೋಗುವವರಿಗೆ ಖಂಬಾಟ್ಕಿ ಘಾಟು ಪರಿಚಿತ. ಘಾಟು ಕಳೆದು, ಶಿರವಳವನ್ನೂ ಹಿಂದೆ ಹಾಕಿದ ಮೇಲೆ ಕಾಪೂರಹೋಳ ಎಂಬ ಊರು ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳಿದ ರಸ್ತೆ ಭೋರ್ ತಲುಪುತ್ತದೆ. ಪಂತಸಚಿವ ಮನೆತನದ ಹಳೆಯ ಸಂಸ್ಥಾನ ಇದು. 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ನೀರಾ ನದಿ, ಭಾಟಘರ್ ಅಣೆಕಟ್ಟು, ಪಶ್ಚಿಮಕ್ಕೆ ರಾಯರೇಶ್ವರದ ಎತ್ತರ, ಅದರಾಚೆ ಕೊಂಕಣಕ್ಕಿಳಿಯುವ ವರಂಧಾ ಘಾಟು. ಮಳೆ ಧಾರಾಳ, ಭತ್ತದ ಗದ್ದೆಗಳು ಧಾರಾಳ. ಜನ ಮಾತ್ರ ಗುಡ್ಡದ ಮಡಿಲಲ್ಲಿ ಚದುರಿದ ಸಣ್ಣ ಸಣ್ಣ ವಾಡಿಗಳಲ್ಲಿ.

ಈ ತಾಲ್ಲೂಕಿನ ಒಂದು ವಾಡಿಯಲ್ಲಿ ನಲವತ್ತೈದು ವಯಸ್ಸಿನ ಒಬ್ಬ ಹೆಣ್ಣುಮಗಳಿದ್ದಾಳೆ ಎಂದಿಟ್ಟುಕೊಳ್ಳೋಣ. ಅಕ್ಷರ ಕಲಿತಿಲ್ಲ, ಲೆಕ್ಕ ಬಾಯಲ್ಲಿದೆ. ಪುಣೆಯಿಂದ ಒಂದು ಜೀಪು ಬರುತ್ತದೆ. ಬಿಳಿ ಕೋಟಿನ ಹುಡುಗಿಯರು ಇಳಿದು, ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದೇವೆ ಅನ್ನುತ್ತಾರೆ. ನಾಲ್ಕು ಪುಟದ ಒಂದು ಕಾಗದ ತೆಗೆದು, ಕೊನೆಯ ಪುಟದ ಬುಡದಲ್ಲಿ ಬೆರಳಿಟ್ಟು, ಇಲ್ಲಿ ಹೆಬ್ಬೆಟ್ಟು ಒತ್ತಿ ಅನ್ನುತ್ತಾರೆ. ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳೇ ಈ ಅಧ್ಯಾಯದ ವಿಷಯ. ನನಗೇನೂ ನೋವಿಲ್ಲ, ನನ್ನನ್ನೇಕೆ ಕೇಳುತ್ತಿದ್ದೀರಿ? ಇದು ಔಷಧವೋ, ಪರೀಕ್ಷೆಯೋ? ಒಲ್ಲೆ ಅಂದರೆ ನಾಳೆ ಸರ್ಕಾರಿ ದವಾಖಾನೆಯಲ್ಲಿ ನನ್ನ ಮಗುವಿಗೆ ಮದ್ದು ಕೊಡುವುದಿಲ್ಲವೇ? ನಾಟಿಯ ದಿನಗಳಲ್ಲಿ ಪುಣೆಗೆ ಬಾ ಎಂದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಏನಾದರೂ ಹೆಚ್ಚುಕಡಿಮೆಯಾದರೆ ಯಾರ ಮನೆ ಬಾಗಿಲು ತಟ್ಟಲಿ?

ಹಿಂದಿನ ಅಧ್ಯಾಯಗಳಲ್ಲಿ ಕೋಶ, ವಂಶವಾಹಿ, ವೈರಾಣುಗಳ ಬಗ್ಗೆ ಓದಿದ್ದೀರಿ. ಆ ತಿಳಿವಳಿಕೆಯೆಲ್ಲ ಯಾರದ್ದೋ ರಕ್ತ, ಯಾರದ್ದೋ ಅಂಗಾಂಶ, ಯಾರದ್ದೋ ಒಪ್ಪಿಗೆಯ ಮೇಲೆ ನಿಂತದ್ದು. ಆ ಒಪ್ಪಿಗೆಯನ್ನು ಸರಿಯಾಗಿ ಪಡೆಯುವುದು, ಕೊಟ್ಟವರನ್ನು ಕಾಪಾಡುವುದು, ಅವರ ಪ್ರಶ್ನೆಗೆ ಉತ್ತರಿಸುವುದು ವಿಜ್ಞಾನದ ಹೊರಗಿನ ಉಪಚಾರವೆಂದು ಬಹಳ ಕಾಲ ಭಾವಿಸಲಾಗಿತ್ತು. 1990ರಲ್ಲಿ ಮಾನವ ಜೀನೋಮ್ ಯೋಜನೆ ಶುರುವಾದಾಗ, ಅದರ ಅಮೆರಿಕದ ಮುಖ್ಯಸ್ಥರಾಗಿದ್ದ ಜೇಮ್ಸ್ ವಾಟ್ಸನ್ ಬಜೆಟ್ಟಿನ ಒಂದು ಪಾಲನ್ನು ನೈತಿಕ, ಕಾನೂನಾತ್ಮಕ, ಸಾಮಾಜಿಕ ಪರಿಣಾಮಗಳ ಅಧ್ಯಯನಕ್ಕೆ ಮೀಸಲಿಟ್ಟರು. ಮೊದಲು ನೂರಕ್ಕೆ ಮೂರು, ಆಮೇಲೆ ಐದು. ಈ ನಾಲ್ಕು ಮಾತುಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ 'ಎಲ್ಸಿ' ಆಯಿತು. ಇಂದು ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಕೇಂದ್ರವಿರುವ, ಅಂಗಾಂಶ ಮತ್ತು ರಕ್ತದ ಮಾದರಿಗಳನ್ನು ಕೂಡಿಡುವ ಯುರೋಪಿನ ಬಯೋಬ್ಯಾಂಕುಗಳ ಒಕ್ಕೂಟವು ಸಂಶೋಧಕರಿಗಾಗಿಯೇ ಒಂದು ಎಲ್ಸಿ ಸಹಾಯ ವಿಭಾಗವನ್ನು ನಡೆಸುತ್ತದೆ. ಒಪ್ಪಿಗೆ ಪತ್ರ ಹೇಗೆ ಬರೆಯಬೇಕು, ಮಾದರಿಗಳನ್ನು ಗಡಿ ದಾಟಿಸುವಾಗ ಯಾವ ಕಾನೂನು ಅನ್ವಯ ಎಂದು ಅಲ್ಲಿ ಕೇಳಬಹುದು. ಇದನ್ನು ಐಷಾರಾಮ ಅನ್ನುವವರು ನಮ್ಮ ನೆಲದ ಕಥೆಗಳನ್ನು ಓದಬೇಕು.

ಭೋರ್‌ನಿಂದ ಪೂರ್ವಕ್ಕೆ, ಸೋಲಾಪುರ ಜಿಲ್ಲೆಯಲ್ಲಿ ಬಾರ್ಶಿ ಇದೆ. ಅದರ ಆಚೆ ಉಸ್ಮಾನಾಬಾದ್ ಜಿಲ್ಲೆ. ಈಗಿನ ಹೆಸರು ಧಾರಾಶಿವ. ಇದರ ಗಡಿ ನಮ್ಮ ಕಲಬುರಗಿ, ಬೀದರ್‌ಗಳಿಗೆ ತಾಗಿದೆ. ಉಮರ್ಗಾ ಕಡೆ, ಸೋಲಾಪುರದ ಅಕ್ಕಲಕೋಟೆ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಬಿ. ಎಂ. ನೇನೆ ಮತ್ತು ಸಂಗಡಿಗರು 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ ಆರಂಭಿಸಿದರು. ಬೆಂಗಳೂರಿನ ಕಿದ್ವಾಯಿಯಂಥ ನಗರದ ಆಸ್ಪತ್ರೆಗೆ ರೋಗಿ ತಾನಾಗಿ ಬರುತ್ತಾನೆ, ದಾಖಲೆ ಅಲ್ಲೇ ಸಿಗುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಬಾರ್ಶಿಯ ಕಾರ್ಯಕರ್ತರು ಊರೂರು ತಿರುಗಿ, ಜನರ ಜೊತೆ ಕೂತು, ಕ್ಯಾನ್ಸರಿನ ಲಕ್ಷಣಗಳನ್ನು ಹೇಳಿ, ಸಂಶಯ ಬಂದವರನ್ನು ಆಸ್ಪತ್ರೆಗೆ ಕರೆತಂದರು. ಲೆಕ್ಕ ಬರೆಯಲೆಂದು ಹೋದವರ ಮಾತಿನಿಂದ ಒಂದು ಬದಲಾವಣೆ ಆಯಿತು. ಗರ್ಭಕೊರಳಿನ ಕ್ಯಾನ್ಸರು ಮೊದಲಿಗಿಂತ ಎಳೆಯ ಹಂತದಲ್ಲೇ ಪತ್ತೆಯಾಗತೊಡಗಿತು. 1995ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಗೌರವದಿಂದ ಆಡಿದ ಮಾತಿನ ಫಲ ಅದು. ಸಾಮಾಜಿಕ ನೆರವು ಅಂದರೆ ಏನು ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಬಾರ್ಶಿಯನ್ನು.

ಇಂಥ ನಂಬಿಕೆ ಬೆಳೆದ ನೆಲದಲ್ಲಿಯೇ ಮುಂದಿನ ದೊಡ್ಡ ಪ್ರಯೋಗ ನಡೆಯಿತು. 1999ರ ಅಕ್ಟೋಬರಿನಿಂದ 2003ರ ನವೆಂಬರಿನವರೆಗೆ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳನ್ನು 52 ಗುಂಪುಗಳಾಗಿಸಿ, 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಸೇರಿಸಿಕೊಳ್ಳಲಾಯಿತು. ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಡಾ. ಆರ್. ಶಂಕರನಾರಾಯಣನ್, ಬಾರ್ಶಿಯ ನೇನೆ, ಮುಂಬೈನ ಟಾಟಾ ಸ್ಮಾರಕ ಕೇಂದ್ರದವರು ಜೊತೆಗೂಡಿದ್ದರು. ಯಾವ ಗುಂಪಿಗೆ ಏನು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಒಂದಕ್ಕೆ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ, ಒಂದಕ್ಕೆ ಗರ್ಭಕೊರಳಿನ ಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಲ್ಲಿ ನೋಡುವ ಸುಲಭ ವಿಧಾನ. ನಾಲ್ಕನೆಯ ಗುಂಪಿನ 31,488 ಮಹಿಳೆಯರಿಗೆ ಎಂದಿನ ಆರೈಕೆ ಮಾತ್ರ. ಎಂದಿನ ಆರೈಕೆ ಅಂದರೆ ಆ ಹಳ್ಳಿಗಳಲ್ಲಿ ತಪಾಸಣೆ ಇಲ್ಲ ಎಂದೇ ಅರ್ಥ.

ಫಲಿತಾಂಶ 2009ರ ಏಪ್ರಿಲ್‌ನಲ್ಲಿ ಹೊರಬಂತು. ಜೀವಮಾನದಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳುವ ಅವಕಾಶ ಸಿಕ್ಕ 34,126 ಮಹಿಳೆಯರ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತವರು 34 ಮಂದಿ. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64 ಮಂದಿ. ಉಳಿದೆರಡು ವಿಧಾನಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒಂದೇ ಒಂದು ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು ಜಗತ್ತಿಗೆ ಸಂಖ್ಯೆಯಲ್ಲಿ ತೋರಿಸಿಕೊಟ್ಟವರು ಮರಾಠವಾಡದ ಹೆಣ್ಣುಮಕ್ಕಳು. ಬಡದೇಶಗಳ ತಪಾಸಣಾ ನೀತಿಯ ಚರ್ಚೆಯೇ ಇದರಿಂದ ದಿಕ್ಕು ಬದಲಿಸಿತು.

ಆದರೆ ಆ 64 ಸಾವುಗಳು? ಇದೇ ಮಾದರಿಯ ಪ್ರಯೋಗಗಳು ಮುಂಬೈನ ಕೊಳೆಗೇರಿಗಳಲ್ಲೂ ತಮಿಳುನಾಡಿನ ದಿಂಡಿಗಲ್‌ನಲ್ಲೂ ನಡೆದಿದ್ದವು. ಮೂರರಲ್ಲೂ ಸೇರಿ ತಪಾಸಣೆ ಸಿಗದ ಗುಂಪಿನಲ್ಲಿದ್ದವರು 1,38,624 ಮಹಿಳೆಯರು. ಅವರಲ್ಲಿ ಕನಿಷ್ಠ 254 ಮಂದಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತರು ಎಂದು ಅಮೆರಿಕದ ರೋಗಶಾಸ್ತ್ರಜ್ಞ ಎರಿಕ್ ಸೂಬಾ ಲೆಕ್ಕ ಹಾಕಿದರು. ತಪಾಸಣೆ ಜೀವ ಉಳಿಸುತ್ತದೆ ಎಂದು ದಶಕಗಳಿಂದ ಗೊತ್ತಿದ್ದ ಮೇಲೆ, ಏನೂ ಕೊಡದ ಗುಂಪನ್ನು ಇಟ್ಟದ್ದೇಕೆ ಎಂಬುದು ಅವರ ಪ್ರಶ್ನೆ. ಅಮೆರಿಕದ ಅಧಿಕಾರಿಗಳಿಗೆ ದೂರು ಕೊಟ್ಟರು. 2014ರಲ್ಲಿ ಮುಂಬೈನಿಂದ ಹೊರಡುವ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್' ಪತ್ರಿಕೆಯಲ್ಲಿ ವಾದ ವಿವಾದ ನಡೆಯಿತು. ಸಂಶೋಧಕರ ಉತ್ತರವೂ ಹಗುರವಾದದ್ದಲ್ಲ. ದೇಶದಲ್ಲಿ ತಪಾಸಣೆಯ ಕಾರ್ಯಕ್ರಮವೇ ಇಲ್ಲದಿದ್ದಾಗ ಇರುವ ಸ್ಥಿತಿಯ ಜೊತೆಗೇ ಹೋಲಿಸಬೇಕು, ಇಲ್ಲದಿದ್ದರೆ ನಮ್ಮ ಸರ್ಕಾರಗಳಿಗೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ ಎಂದರು.

ಎರಡು ಕಡೆಯ ವಾದವನ್ನೂ ಓದಿದ ಮೇಲೆ ನನಗನ್ನಿಸುವುದು ಇಷ್ಟು. ಪ್ರಶ್ನೆ ಕೇಳಬೇಕಾದದ್ದೇ ಆಗಿತ್ತು, ಉತ್ತರವೂ ಬೆಲೆಯುಳ್ಳದ್ದು. ಆದರೆ ಏನನ್ನೂ ಪಡೆಯದೆ ವಿಜ್ಞಾನಕ್ಕೆ ಎಲ್ಲವನ್ನೂ ಕೊಟ್ಟ ಗುಂಪಿನ ಋಣವನ್ನು ತೀರಿಸುವ ದಿನಾಂಕ ಮತ್ತು ಹಣ, ಪ್ರಯೋಗ ಶುರುವಾಗುವ ದಿನವೇ ಕಾಗದದ ಮೇಲಿರಬೇಕು. ಅದು ಸಂಶೋಧಕರ ಸೌಜನ್ಯಕ್ಕೆ ಬಿಟ್ಟ ಮಾತಾಗಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9 ಮಾತ್ರ. ಉತ್ತರ ಸಿಕ್ಕಿ ಹತ್ತು ವರ್ಷವಾದ ಮೇಲಿನ ಸ್ಥಿತಿ ಇದು. ಈ ದೇಶದಲ್ಲಿ ವರ್ಷಕ್ಕೆ ಸುಮಾರು 1,27,000 ಮಹಿಳೆಯರಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80,000 ಮಂದಿ ಸಾಯುತ್ತಾರೆ ಎಂಬುದು 2022ರ ಅಂದಾಜು. ಭೋರ್‌ನ ಆ ಹೆಣ್ಣುಮಗಳಿಗೆ ಕೇಳುವ ಹಕ್ಕಿದೆ: ನನ್ನಂಥವರಿಂದ ಕಲಿತದ್ದನ್ನು ನನ್ನಂಥವರಿಗೆ ಯಾವಾಗ ಕೊಡುತ್ತೀರಿ?

ಇನ್ನೂ ಕಹಿಯಾದ ಅಧ್ಯಾಯಗಳಿವೆ. 1976ರಿಂದ 1988ರವರೆಗೆ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 1,158 ಮಹಿಳೆಯರ ಗರ್ಭಕೊರಳಿನಲ್ಲಿದ್ದ ಕ್ಯಾನ್ಸರ್‌ಪೂರ್ವ ಬದಲಾವಣೆಗಳನ್ನು, ಅವು ಎಷ್ಟು ಬೇಗ ಮುಂದುವರಿಯುತ್ತವೆ ಎಂದು ತಿಳಿಯಲು, ಚಿಕಿತ್ಸೆ ಕೊಡದೆ ಗಮನಿಸಲಾಯಿತು. ಕೆಲವರಲ್ಲಿ ಅವು ಕ್ಯಾನ್ಸರಿಗೆ ತಿರುಗಿದವು. ಲಿಖಿತ ಒಪ್ಪಿಗೆ ಪಡೆದಿರಲಿಲ್ಲ. 1997ರಲ್ಲಿ ವಿಷಯ ಪತ್ರಿಕೆಗಳಿಗೆ ಬಂದು ಗದ್ದಲವಾಯಿತು. ಮೂರು ವರ್ಷಗಳ ನಂತರ, 2000ದಲ್ಲಿ, ಅದೇ ಮಂಡಳಿ ಮನುಷ್ಯರ ಮೇಲಿನ ಸಂಶೋಧನೆಗೆ ವಿವರವಾದ ನೈತಿಕ ಮಾರ್ಗಸೂಚಿ ಹೊರಡಿಸಿತು. ಅದು 2006ರಲ್ಲೂ 2017ರಲ್ಲೂ ಪರಿಷ್ಕೃತವಾಯಿತು.

ನ್ಯೂಜಿಲೆಂಡಿನಲ್ಲೂ ಬಹುಮಟ್ಟಿಗೆ ಇದೇ ನಡೆದಿತ್ತು. ಆಕ್ಲೆಂಡಿನ ಮಹಿಳಾ ಆಸ್ಪತ್ರೆಯಲ್ಲಿ 1966ರಿಂದ ಹರ್ಬರ್ಟ್ ಗ್ರೀನ್ ಎಂಬ ವೈದ್ಯರು ಕ್ಯಾನ್ಸರ್‌ಪೂರ್ವ ಹಂತದ ಮಹಿಳೆಯರಿಗೆ ಸರಿಯಾದ ಚಿಕಿತ್ಸೆ ನೀಡದೆ ಗಮನಿಸುತ್ತಿದ್ದರು. 1987ರಲ್ಲಿ ಇಬ್ಬರು ಮಹಿಳೆಯರು ಬರೆದ ಪತ್ರಿಕಾ ಲೇಖನದಿಂದ ಅದು ಬಯಲಾಯಿತು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ವಿಚಾರಣೆ ನಡೆಸಿ 1988ರಲ್ಲಿ ವರದಿ ಕೊಟ್ಟರು. ಅಲ್ಲಿನವರು ಮಾರ್ಗಸೂಚಿ ಬರೆದು ಸುಮ್ಮನಾಗಲಿಲ್ಲ. 1994ರ ಕಾಯ್ದೆಯಿಂದ ಒಬ್ಬ ಆಯುಕ್ತರನ್ನು ನೇಮಿಸಿ, ರೋಗಿಯ ಪರವಾಗಿ ನಿಂತು ಮಾತಾಡುವ ಉಚಿತ ವಕಾಲತ್ತಿನ ಸೇವೆಯನ್ನು ದೇಶದಾದ್ಯಂತ ಒದಗಿಸಿದರು. ನಮ್ಮಲ್ಲಿ ಪುಸ್ತಕ ಬಂತು, ರೋಗಿಯ ಪಕ್ಕದಲ್ಲಿ ನಿಲ್ಲುವ ಮನುಷ್ಯ ಬರಲಿಲ್ಲ.

ಆ ಮನುಷ್ಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2009–10ರ ಎಚ್‌ಪಿವಿ ಲಸಿಕೆಯ ಪ್ರಕರಣ ಸಾಕ್ಷಿ. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ 'ಪಾಥ್' ಎಂಬ ಅಮೆರಿಕದ ಸಂಸ್ಥೆಯ ಯೋಜನೆಯಡಿ ಸುಮಾರು 24,000 ಹುಡುಗಿಯರಿಗೆ ಲಸಿಕೆ ಹಾಕಲಾಯಿತು. ಏಳು ಹುಡುಗಿಯರು ತೀರಿಕೊಂಡರು. ವಿಚಾರಣಾ ಸಮಿತಿಗೆ ಲಸಿಕೆಗೂ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಒಬ್ಬಳು ನೀರಿಗೆ ಬಿದ್ದಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು. ಆದರೆ ಒಪ್ಪಿಗೆಯ ಕಾಗದಗಳನ್ನು ತೆರೆದು ನೋಡಿದಾಗ ನಿಜವಾದ ರೋಗ ಕಂಡಿತು. 2013ರ ಸಂಸದೀಯ ಸ್ಥಾಯಿ ಸಮಿತಿಯ ವರದಿಯ ಪ್ರಕಾರ, ಆಂಧ್ರದ 9,543 ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತು, 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳ ಸಹಿ. ಲಸಿಕೆ ಪಡೆದವರಲ್ಲಿ ಹಲವರು ಆಶ್ರಮ ಶಾಲೆಗಳಲ್ಲಿ ಓದುತ್ತಿದ್ದ ಬುಡಕಟ್ಟಿನ ಮಕ್ಕಳು. ಅಪ್ಪ ಅಮ್ಮಂದಿರಿಗೆ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕಾ ಅಧ್ಯಯನಗಳನ್ನು ನಿಲ್ಲಿಸಿತು. ಖಮ್ಮಂಗೆ ಸಂಬಂಧವೇ ಇಲ್ಲದ ಇನ್ನೊಂದು ಪ್ರಯೋಗವೂ ಅದರ ಜೊತೆ ನಿಂತಿತು. ಭೋರ್‌ಗೆ ಹತ್ತಿರದ ಕಥೆ ಇದು, ಯಾಕೆಂದರೆ ಅದರ ಒಂಬತ್ತು ಕೇಂದ್ರಗಳಲ್ಲಿ ಪುಣೆಯೂ ಒಂದು, ಬಾರ್ಶಿಯೂ ಒಂದು. ಎರಡು ಡೋಸು ಸಾಕೋ, ಮೂರು ಬೇಕೋ ಎಂದು 20,000 ಹುಡುಗಿಯರಲ್ಲಿ ನೋಡುವ ಉದ್ದೇಶವಿತ್ತು. ತಡೆ ಬಂದಾಗ ಲಸಿಕೆ ಪಡೆದಿದ್ದವರು 17,729 ಮಂದಿ. ಅವರಲ್ಲಿ 4,950 ಹುಡುಗಿಯರಿಗೆ ಒಂದು ಡೋಸಿನ ಮೇಲೆ ಇನ್ನೊಂದು ಸಿಗಲಿಲ್ಲ. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದೇ ಡೋಸು ನಿರಂತರ ಎಚ್‌ಪಿವಿ 16 ಮತ್ತು 18ರ ಸೋಂಕಿನಿಂದ ಕೊಟ್ಟ ರಕ್ಷಣೆ ನೂರಕ್ಕೆ 95.4, ಮೂರು ಡೋಸಿನದು 93.3. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸಿನ ವೇಳಾಪಟ್ಟಿಯನ್ನೂ ಒಪ್ಪಿತು. ಅದರ ಹಿಂದಿದ್ದ ಪುರಾವೆಗಳಲ್ಲಿ ಈ ಹುಡುಗಿಯರದ್ದೂ ಸೇರಿತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2023ರ ಜನವರಿಯಲ್ಲಿ ದೇಶೀಯ ಲಸಿಕೆ 'ಸರ್ವಾವ್ಯಾಕ್' ಬಿಡುಗಡೆ ಮಾಡಿತು.

ಇದರಿಂದ 'ಕೆಟ್ಟದ್ದರಿಂದಲೂ ಒಳ್ಳೆಯದಾಯಿತು' ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಂದು ಜಿಲ್ಲೆಯಲ್ಲಿ ಒಪ್ಪಿಗೆ ಕೇಳುವ ಕ್ರಮ ಕೆಟ್ಟಿದ್ದಕ್ಕೆ ದೇಶದಲ್ಲಿ ಲಸಿಕೆಯ ಮೇಲಿನ ನಂಬಿಕೆ ವರ್ಷಗಟ್ಟಲೆ ಕುಸಿಯಿತು. ಆ ಅವಧಿಯಲ್ಲಿ ಲಸಿಕೆ ಸಿಗದೆ ಬೆಳೆದ ಹುಡುಗಿಯರು ಎಷ್ಟೋ. ಒಪ್ಪಿಗೆಯ ಕಾಗದ ಸರಿಯಿಲ್ಲದಿದ್ದರೆ ವಿಜ್ಞಾನವೇ ನಿಂತುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಈಗ ಕಾನೂನು ಮೊದಲಿಗಿಂತ ಗಟ್ಟಿಯಾಗಿದೆ. ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಸರ್ಕಾರ ಎಚ್ಚೆತ್ತಿತು; 2019ರ ಮಾರ್ಚ್‌ನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಗೆ ಬಂದವು. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟು ಮಂದಿ ಆ ಸಂಸ್ಥೆಯ ಹೊರಗಿನವರಾಗಿರಬೇಕು, ಅಧ್ಯಕ್ಷರಂತೂ ಹೊರಗಿನವರೇ. ಒಬ್ಬ ಕಾನೂನು ಬಲ್ಲವರು, ಒಬ್ಬ ಮಹಿಳೆ, ಒಬ್ಬ ಸಾಮಾನ್ಯ ನಾಗರಿಕರು ಇರಲೇಬೇಕು. ಈ ಸಾಮಾನ್ಯ ನಾಗರಿಕರ ಕುರ್ಚಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ನಾಲ್ಕು ಪುಟದ ಕಾಗದವನ್ನು ಭೋರ್‌ನ ಹೆಣ್ಣುಮಗಳ ಕಣ್ಣಿನಿಂದ ಓದಿ, 'ಇದು ನನಗೇ ಅರ್ಥವಾಗಲಿಲ್ಲ' ಎಂದು ಪ್ರೊಫೆಸರುಗಳ ಎದುರು ಹೇಳುವ ಧೈರ್ಯ ಅಲ್ಲಿ ಕೂತವರಿಗೆ ಬೇಕು. ಹೊಸ ಔಷಧದ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಸಾವು ಸಂಭವಿಸಿದರೆ 8 ಲಕ್ಷ ರೂಪಾಯಿಯ ಮೂಲ ಮೊತ್ತವನ್ನು ವಯಸ್ಸು ಮತ್ತು ರೋಗದ ತೀವ್ರತೆಗೆ ತಕ್ಕಂತೆ ಹೊಂದಿಸಿ ಪರಿಹಾರ ಲೆಕ್ಕ ಹಾಕುವ ಸೂತ್ರವೂ ಇದೆ.

ಸಂಶೋಧನೆ ಈಗ ಸೂಜಿ ಮತ್ತು ಮಾತ್ರೆಗಷ್ಟೇ ನಿಂತಿಲ್ಲ. ಸ್ತನದ ಗಡ್ಡೆ ತೆಗೆದ ಮೇಲೆ ಅದರ ಚೂರು ಮೇಣದಲ್ಲಿ ಕೂತು ದಶಕಗಟ್ಟಲೆ ಉಳಿಯುತ್ತದೆ. ಪುಣೆಯಲ್ಲಿ ಪ್ರಶಾಂತಿ ಕ್ಯಾನ್ಸರ್ ಕೇರ್ ಮಿಷನ್ ಮತ್ತು ಐಸರ್ ಸಂಸ್ಥೆ ಸೇರಿ ಸ್ತನ ಕ್ಯಾನ್ಸರಿನ ಅಂಗಾಂಶಗಳ ಮೇಲೆ ಕೆಲಸ ಮಾಡುತ್ತಿವೆ; ಮುಂಬೈನ ಟಾಟಾ ಸ್ಮಾರಕದಲ್ಲಿ ರಾಷ್ಟ್ರೀಯ ಗಡ್ಡೆ ಅಂಗಾಂಶ ಭಂಡಾರವಿದೆ. ಇಂದು ಕೊಟ್ಟ ಚೂರಿನಿಂದ ಇಪ್ಪತ್ತು ವರ್ಷದ ಮೇಲೆ ಯಾವ ಪ್ರಶ್ನೆ ಕೇಳುತ್ತಾರೋ ಇಂದು ಯಾರಿಗೂ ಗೊತ್ತಿಲ್ಲ. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಕೋಶಗಳನ್ನು 1951ರಲ್ಲಿ ಕೇಳದೆಯೇ ತೆಗೆದುಕೊಂಡರು. ಅವುಗಳಿಂದ ಲಾಭ ಮಾಡಿಕೊಂಡ ಒಂದು ಕಂಪನಿ ಅವರ ಕುಟುಂಬದ ಜೊತೆ ರಾಜಿ ಮಾಡಿಕೊಂಡದ್ದು 2023ರಲ್ಲಿ. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷ ತಾಯಿಯಲ್ಲಿ ಕಂಡರೆ ಅದು ಮಗಳ ಸುದ್ದಿಯೂ ಹೌದು, ಮಗಳ ಮದುವೆಯ ಮಾತುಕತೆಗೂ ಅದು ಹೋಗಿ ಮುಟ್ಟಬಹುದು. ವಂಶವಾಹಿಯ ಕಾರಣ ಕೊಟ್ಟು ವಿಮೆ ನಿರಾಕರಿಸುವುದು ತಾರತಮ್ಯ ಎಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಈ ವಿಚಾರವನ್ನೆಲ್ಲ ಓಪಿಡಿ ಸಾಲಿನಲ್ಲಿ ನಿಂತ ರೋಗಿಗೆ ವೈದ್ಯರು ಐದು ನಿಮಿಷದಲ್ಲಿ ಹೇಳಿ ಮುಗಿಸಲಾರರು. ಅದಕ್ಕೆಂದೇ ತರಬೇತಿ ಪಡೆದ ಆಪ್ತಸಲಹೆಗಾರರು ಬೇಕು.

ಸಿಬ್ಬಂದಿಯ ಕೊರತೆ ತುಂಬಲಾಗದ್ದೇನಲ್ಲ. ಟಾಟಾ ಸ್ಮಾರಕ ಆಸ್ಪತ್ರೆ 'ಕೇವಟ್' ಎಂಬ ಹೆಸರಿನಲ್ಲಿ, ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಜೊತೆ, ರೋಗಿಗಳಿಗೆ ದಾರಿ ತೋರುವವರನ್ನು ಒಂದು ವರ್ಷದ ಡಿಪ್ಲೊಮಾ ಕೊಟ್ಟು ತಯಾರು ಮಾಡುತ್ತಿದೆ. ಎಲ್ಲಿ ಪರೀಕ್ಷೆ, ಎಲ್ಲಿ ಹಣದ ನೆರವು, ಎಲ್ಲಿ ಉಳಿಯುವುದು ಎಂದು ಅವರು ಜೊತೆಗಿದ್ದು ಹೇಳುತ್ತಾರೆ. ಪ್ರತಿ ವಾಡಿಯ ಮನೆಯ ಒಳಹೊರಗು ಬಲ್ಲ ಆಶಾ ಕಾರ್ಯಕರ್ತೆಯರು ಈಗಾಗಲೇ ಇದ್ದಾರೆ. ಸಂಶೋಧನೆಯ ಒಪ್ಪಿಗೆ, ಪರಿಹಾರ, ದೂರುಗಳ ವಿಷಯದಲ್ಲಿ ಅವರಿಗೆ ತರಬೇತಿ ಕೊಟ್ಟು, ಆ ಕೆಲಸಕ್ಕೆ ಸಂಬಳ ಕೊಟ್ಟರೆ, ಭೋರ್‌ನಲ್ಲೇ ಆಗಲಿ ಕಲಬುರಗಿಯ ಆಳಂದದಲ್ಲೇ ಆಗಲಿ ಹೆಣ್ಣುಮಗಳ ಪಕ್ಕದಲ್ಲಿ ಅವಳ ಮಾತು ಬಲ್ಲ ಒಬ್ಬರು ನಿಂತಂತಾಗುತ್ತದೆ. ಕ್ಯಾನ್ಸರ್ ಸಂಶೋಧನೆಗೆ ಅನುದಾನ ಕೊಡುವ ಪ್ರತಿಯೊಂದು ಸಂಸ್ಥೆಯೂ ಇದಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲು ಕೇಳಬೇಕು. ಆ ಸಾಲು ಖಾಲಿಯಿದ್ದರೆ ಅರ್ಜಿ ವಾಪಸು ಕಳಿಸಬೇಕು. ವಾಟ್ಸನ್ ಮೀಸಲಿಟ್ಟ ನೂರಕ್ಕೆ ಮೂರರಷ್ಟಾದರೂ ನಮ್ಮ ಹಳ್ಳಿಗಳಿಗೆ ಸಲ್ಲಲಿ.

ಓದುಗರೇ, ನಿಮ್ಮನ್ನೋ ನಿಮ್ಮ ತಾಯಿಯನ್ನೋ ನಾಳೆ ಯಾರಾದರೂ ಕ್ಯಾನ್ಸರ್ ಸಂಶೋಧನೆಗೆ ಕರೆದರೆ, ಕರೆದರೆಂದೇ ಹೆದರಿ ಓಡಬೇಡಿ. ಈ ಅಧ್ಯಾಯದ ಪ್ರತಿಯೊಂದು ಒಳ್ಳೆಯ ಸಂಖ್ಯೆಯೂ ಒಪ್ಪಿಕೊಂಡು ಬಂದವರಿಂದ ಸಿಕ್ಕಿದ್ದು. ಆದರೆ ನಿಮ್ಮ ಭಾಷೆಯಲ್ಲಿ ಹೇಳಿಸಿಕೊಳ್ಳಿ, ಮನೆಗೆ ಹೋಗಿ ವಿಚಾರ ಮಾಡಲು ಸಮಯ ಕೇಳಿ. ಔಷಧದ ಪ್ರಯೋಗವಾದರೆ ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಏನೆಂದು ವಿಚಾರಿಸಿ. 2009ರ ಜೂನ್‌ನಿಂದ ಆ ನೋಂದಣಿ ಕಡ್ಡಾಯ. ಮಧ್ಯದಲ್ಲಿ ಬಿಟ್ಟು ಹೊರಬಂದರೂ ನಿಮ್ಮ ಎಂದಿನ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ. ನೈತಿಕ ಸಮಿತಿಯವರನ್ನು ಸಂಪರ್ಕಿಸುವ ಫೋನ್ ನಂಬರ್ ಕಾಗದದ ಮೇಲಿದೆಯೇ ನೋಡಿ, ಇಲ್ಲದಿದ್ದರೆ ಸಹಿ ಮಾಡಬೇಡಿ. ಮಾಡಿದ ಮೇಲೆ ಆ ಪತ್ರದ ಒಂದು ಪ್ರತಿ ನಿಮಗೆ ಸೇರಬೇಕಾದದ್ದು. ಅದನ್ನು ಕೇಳಿ ಪಡೆಯಿರಿ, ಜೋಪಾನವಾಗಿ ಇಟ್ಟುಕೊಳ್ಳಿ.